ಡಬಲ್ ಬೆಲ್

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಸುಳ್ಳಲ್ಲ. ಆ ಶನಿವಾರ ಬೆಳಿಗ್ಗೆಯೂ ಅಪ್ಪನ ಮೇಲೆ ರೇಗಿಕೊಂಡೇ ಕಾರು ಹತ್ತಿದ್ದೆ. ಅವ್ವ ಹೋದ ಮೇಲೆ ಅವರು ಮೊದಲ ಸಲ ಪರದೇಶದಲ್ಲಿರುವ ನಮ್ಮಲ್ಲಿಗೆ ಬಂದಿದ್ದರು, ಬಂದು ಎರಡು ತಿಂಗಳಾಗಿತ್ತು. ಬಾಥೆಲ್‌ನ ನಮ್ಮ ಮನೆಯ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು, ಅರ್ಧ ಗಂಟೆಗೊಂದು ಬರುವ ಬಸ್ಸನ್ನು ನೋಡುತ್ತ ಕೂತಿರುತ್ತಿದ್ದರು. "ಕಂಡಕ್ಟರ್ ಇಲ್ಲದ ಬಸ್ಸು ಅದೆಂಥಾ ಬಸ್ಸವ್ವಾ?" ಎಂದು ದಿನಕ್ಕೆ ನಾಲ್ಕು ಸಲವಾದರೂ ಕೇಳುವರು. ಮೂರು ಸಲ ನಗುತ್ತಿದ್ದೆ, ನಾಲ್ಕನೆಯ ಸಲಕ್ಕೆ ರೇಗುತ್ತಿದ್ದೆ.

ಕ್ಯಾನ್ಯನ್ ಪಾರ್ಕ್‌ನ ನಮ್ಮ ಆಫೀಸಿನಲ್ಲಿ ಪಕ್ಕದ ಮೇಜಿನವಳು ಒಂದು ಮಧ್ಯಾಹ್ನ ಊಟದ ಹೊತ್ತಿಗೆ ತನ್ನ ಊರಿನ ಸುದ್ದಿ ಹೇಳಿದಳು. ಬೆಟ್ಟದ ಕಡೆಯ ಕಣಿವೆಯಲ್ಲಿ ಒಂದು ಸಣ್ಣ ಊರು. ಅಲ್ಲಿ ತೊಂಬತ್ತು ವರ್ಷ ಹಳೆಯ ವಿದ್ಯುತ್ ಟ್ರಾಮ್ ಬಂಡಿಗಳನ್ನು ಕೆಲವರು ಪ್ರೀತಿಯಿಂದ ದುರಸ್ತಿ ಮಾಡಿ ಇಟ್ಟುಕೊಂಡಿದ್ದಾರೆ, ಬೇಸಿಗೆಯ ಶನಿವಾರ ಭಾನುವಾರ ಎರಡು ಮೈಲಿ ಓಡಿಸುತ್ತಾರೆ. "ಟಿಕೆಟ್ ತೂತು ಮಾಡುವ ಕಂಡಕ್ಟರ್ ಕೂಡ ಇದ್ದಾರೆ" ಎಂದಳು. ನನ್ನ ಕಿವಿ ನೆಟ್ಟಗಾಯಿತು. ಆ ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ. ಅಲ್ಲಿ ನಡೆದದ್ದರಲ್ಲಿ ಆ ಜನರ ತಪ್ಪು ಎಳ್ಳಷ್ಟೂ ಇರಲಿಲ್ಲ, ತಪ್ಪೆಲ್ಲ ನಮ್ಮ ಮನೆಯದು.

ಮುಕಿಲ್ಟಿಯೊದ ವಿಮಾನ ಕಾರ್ಖಾನೆಯಲ್ಲಿ ನನ್ನ ಗಂಡನಿಗೆ ಆ ದಿನ ಪಾಳಿ ಇತ್ತು. ಹಾಗಾಗಿ ಅಪ್ಪ, ಒಂಬತ್ತು ವರ್ಷದ ನನ್ನ ಮಗಳು ಮತ್ತು ನಾನು ಹೊರಟೆವು. ನಾನು ರೇಗಿದ್ದು ಅಪ್ಪನ ಬಟ್ಟೆ ನೋಡಿ. ನಿವೃತ್ತಿಯಾಗಿ ಹನ್ನೆರಡು ವರ್ಷವಾಗಿದ್ದರೂ ಪೆಟ್ಟಿಗೆಯ ತಳದಲ್ಲಿ ಒಂದು ಜೊತೆ ಖಾಕಿ ಬಟ್ಟೆ ತಂದಿದ್ದರು, ಅದನ್ನೇ ಇಸ್ತ್ರಿ ಮಾಡಿ ತೊಟ್ಟು ಬಾಗಿಲಲ್ಲಿ ನಿಂತಿದ್ದರು. "ಡ್ಯೂಟಿಗೆ ಹೊಂಟೀರೇನ್ರಿ?" ಎಂದೆ. "ಹೂಂ, ವಸ್ತಿ ಬಸ್ಸು, ನಾಳೆ ಬರ್ತೇನಿ" ಎಂದರು. ಮಗಳು ನಕ್ಕಳು. ನಾನು ನಗಲಿಲ್ಲ.

ಆ ಖಾಕಿಯ ಬಗ್ಗೆ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅಪ್ಪ ಬಾಗಲಕೋಟೆ ಕಡೆಯ ಒಂದು ಡಿಪೋದಲ್ಲಿ ಮೂವತ್ತೊಂದು ವರ್ಷ ಕಂಡಕ್ಟರ್ ಆಗಿದ್ದವರು. ಆಗಿನ ಬಸ್ಸುಗಳಲ್ಲಿ ಚಾವಣಿಗುಂಟ ಒಂದು ಹಗ್ಗ ಇರುತ್ತಿತ್ತು, ಅದರ ತುದಿಗೆ ಡ್ರೈವರನ ತಲೆಯ ಹತ್ತಿರ ಒಂದು ಗಂಟೆ. ಒಂದು ಸಲ ಎಳೆದರೆ ನಿಲ್ಲಿಸಬೇಕು, ಎರಡು ಸಲ ಎಳೆದರೆ ಹೊರಡಬೇಕು. ಡ್ರೈವರ್ ಹಿಂದೆ ತಿರುಗಿ ನೋಡುವುದಿಲ್ಲ. ಹಿಂದಿನ ಬಾಗಿಲಲ್ಲಿ ಯಾರು ಹತ್ತಿದರು, ಯಾರು ಇಳಿದರು ಎನ್ನುವುದು ಕಂಡಕ್ಟರನ ಕಣ್ಣಿಗೆ ಬಿಟ್ಟದ್ದು. ಡಬಲ್ ಬೆಲ್ ಬಿದ್ದರೆ ಗಾಡಿ ಬಿಡುವುದಷ್ಟೇ ಡ್ರೈವರನ ಕೆಲಸ.

ನಾನು ಆರನೆಯ ಇಯತ್ತೆಯಲ್ಲಿದ್ದಾಗ, ಒಂದು ಕ್ರಾಸಿನಲ್ಲಿ ಹತ್ತಿ ಬಿಡಿಸುವ ಕೂಲಿ ಹೆಂಗಸೊಬ್ಬಳು ಇಳಿಯುತ್ತಿದ್ದಳು. ಒಂದು ಕಾಲು ನೆಲದ ಮೇಲೆ, ಇನ್ನೊಂದು ಮೆಟ್ಟಿಲ ಮೇಲೆ ಇರುವಾಗಲೇ ಬಸ್ಸು ಹೊರಟಿತು. ಹಿಂದಿನ ಗಾಲಿ ಅವಳ ಪಾದದ ಮೇಲೆ ಹಾಯಿತು. ಆಸ್ಪತ್ರೆಯಲ್ಲಿ ಪಾದ ತೆಗೆಯಬೇಕಾಯಿತು. ವಿಚಾರಣೆಯಲ್ಲಿ ಡ್ರೈವರು, "ನನಗ ಡಬಲ್ ಬೆಲ್ ಬಿತ್ತು, ಅದಕ್ಕ ಬಿಟ್ಟೆ" ಎಂದರು. ಅಪ್ಪ, "ನನ್ನ ಕೈ ಹಗ್ಗದ ಮ್ಯಾಲ ಇದ್ದಿದ್ದಿಲ್ಲ" ಎಂದರು. ಜನರ ಗದ್ದಲದಲ್ಲಿ ಬೆಲ್ ಕೇಳಿಸಿತೋ ಇಲ್ಲವೋ ಎಂದು ಆಣೆ ಮಾಡಿ ಹೇಳುವವರು ಯಾರೂ ಇರಲಿಲ್ಲ. ಡ್ರೈವರ ಮೇಲೆ ಹಿಂದೊಮ್ಮೆ ಎತ್ತಿನ ಚಕ್ಕಡಿಗೆ ಗುದ್ದಿದ ದೂರಿತ್ತು, ಅಪ್ಪನ ಮೇಲೆ ಯಾವ ದೂರೂ ಇರಲಿಲ್ಲ. ಡ್ರೈವರ ನೌಕರಿ ಹೋಯಿತು. ಅವರು ಡಿಪೋ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯವರು, ನಾನು ಡ್ರೈವರ್ ಕಾಕಾ ಎನ್ನುತ್ತಿದ್ದೆ. ಒಂದು ವಾರದಲ್ಲಿ ಟ್ರ್ಯಾಕ್ಟರಿನಲ್ಲಿ ಸಾಮಾನು ಹೇರಿಕೊಂಡು ಮನೆ ಬಿಟ್ಟು ಹೋದರು.

ಅವರ ಮಗಳು ಶಾಲೆಯಲ್ಲಿ ನನ್ನ ಬೆಂಚಿನವಳು. "ಬೆಲ್ ಹೊಡದಾಂವ ನಿಮ್ಮಪ್ಪ, ಮನಿ ಬಿಟ್ಟಾವ್ರು ನಾವು" ಎಂದು ಒಂದು ದಿನ ಎಲ್ಲರ ಮುಂದೆ ಅಂದಳು. ನಾನು ಕಂಪಾಸ್ ಪೆಟ್ಟಿಗೆಯಿಂದ ಅವಳ ಮುಖಕ್ಕೆ ಹೊಡೆದೆ. ಹುಬ್ಬು ಸೀಳಿ ರಕ್ತ ಬಂತು. ಮಾಸ್ತರು ನನಗೆ ಬೈದರೂ ನನಗೆ ಪಶ್ಚಾತ್ತಾಪವೇನೂ ಆಗಲಿಲ್ಲ. ಅಪ್ಪನ ಮಾನ ಉಳಿಸಿದೆ ಎಂದು ಮನೆಗೆ ಬಂದು ಹೆಮ್ಮೆಯಿಂದ ಹೇಳಿದ್ದೆ. ಅಪ್ಪ ಚೀಲದ ಚಿಲ್ಲರೆ ಎಣಿಸುತ್ತ ಕೂತರು. ಅವ್ವ ಎದ್ದು ಒಳಗೆ ಹೋದಳು.

ಆ ಮೇಲೆ ನಮ್ಮ ಮನೆ ನಿಂತಿದ್ದೇ ಅಪ್ಪನ ಆ ಒಂದು ಮಾತಿನ ಮೇಲೆ. ಬೀಗರ ಮುಂದೆ, ನೆರೆಯವರ ಮುಂದೆ ಎಷ್ಟು ಸಲ ಹೇಳಿದರೂ ಒಂದು ಅಕ್ಷರ ಹೆಚ್ಚು ಕಡಿಮೆ ಆಗುತ್ತಿರಲಿಲ್ಲ: ನನ್ನ ಕೈ ಹಗ್ಗದ ಮ್ಯಾಲ ಇದ್ದಿದ್ದಿಲ್ಲ. ನನಗೂ ಅದು ಬಾಯಿಪಾಠ. ಪಾದ ಕಳೆದುಕೊಂಡ ಆ ಹೆಂಗಸಿನ ಹೆಸರನ್ನು ಮಾತ್ರ ನಾವು ಯಾರೂ ಕೇಳಿರಲಿಲ್ಲ. ಇದನ್ನು ಬರೆಯುವಾಗಲೂ ನನಗೆ ಗೊತ್ತಿಲ್ಲ.

ಟ್ರಾಮಿನ ಶೆಡ್ಡು ಹಳೆಯ ಇಟ್ಟಿಗೆಯ ಕಟ್ಟಡ. ಒಳಗೆ ಎಣ್ಣೆಯ, ಹಳೆಯ ಮರದ ವಾಸನೆ. ನಾಲ್ಕು ಬಂಡಿಗಳಿದ್ದವು, ಅವುಗಳಲ್ಲಿ ಎರಡರ ಹೊಟ್ಟೆ ಬಗೆದು ಇಟ್ಟಿದ್ದರು. ಹೊರಗೆ ಹಳಿಯ ಮೇಲೆ ಕೆಂಪು ಬಣ್ಣದ್ದೊಂದು ಸಿದ್ಧವಾಗಿ ನಿಂತಿತ್ತು. ಅದರ ನೆತ್ತಿಯಿಂದ ಒಂದು ಉದ್ದನೆಯ ಕೋಲು ಎದ್ದು ಮೇಲಿನ ವಿದ್ಯುತ್ ತಂತಿಗೆ ತಾಗಿಕೊಂಡಿತ್ತು. ಒಳಗೆ ಬೆತ್ತ ಹೆಣೆದ ಸೀಟುಗಳು, ಹಿತ್ತಾಳೆಯ ಹಿಡಿಗಳು. ಅಪ್ಪ ಚಪ್ಪಲಿ ಬಿಡಲೋ ಬೇಡವೋ ಎನ್ನುವ ಹಾಗೆ ಬಾಗಿಲಲ್ಲಿ ಒಂದು ಗಳಿಗೆ ನಿಂತರು. ಆಮೇಲೆ ತಲೆ ಎತ್ತಿ ನೋಡಿದರು. ಚಾವಣಿಗುಂಟ ಹಗ್ಗ ಇತ್ತು.

"ಹಗ್ಗ ಐತವ್ವಾ" ಎಂದರು, ನನ್ನ ಮೊಣಕೈ ಹಿಡಿದು.

ಕಂಡಕ್ಟರ್ ಅರವತ್ತು ದಾಟಿದ ಹೆಂಗಸು, ಮೊದಲು ಶಾಲೆಯಲ್ಲಿ ಟೀಚರ್ ಆಗಿದ್ದವರಂತೆ. ಕಪ್ಪು ಟೊಪ್ಪಿಗೆ ಹಾಕಿಕೊಂಡು, ಟಿಕೆಟ್ಟುಗಳಿಗೆ ಪಂಚ್ ಒತ್ತುತ್ತ ಬಂದರು. ಅಪ್ಪ ತಮ್ಮ ಟಿಕೆಟ್ಟನ್ನು ಬೆಳಕಿಗೆ ಹಿಡಿದು ತೂತು ಪರೀಕ್ಷಿಸಿ, "ಛಲೋ ಬಿದ್ದೈತಿ" ಎಂದು ಪಾಸು ಮಾಡಿದರು. ಟ್ರಾಮಿನ ಡ್ರೈವರು ಎಪ್ಪತ್ತೈದು ದಾಟಿದ ಸಣಕಲ ಮುದುಕ. ಕೈಯಲ್ಲಿ ಒಂದು ಹಿತ್ತಾಳೆಯ ಹಿಡಿಕೆ. ಅದನ್ನು ಮುಂದಿನ ಪೆಟ್ಟಿಗೆಯ ಮೇಲೆ ಸಿಕ್ಕಿಸಿ ತಿರುಗಿಸಿದರೆ ಬಂಡಿ ಹೊರಡುತ್ತದೆ, ತೆಗೆದುಕೊಂಡು ಹೋದರೆ ಅಲುಗುವುದಿಲ್ಲ. ಡ್ಯೂಟಿ ಮುಗಿಯುವವರೆಗೆ ಆ ಹಿಡಿಕೆ ಅವರ ಕೈ ಬಿಡುವ ಹಾಗಿಲ್ಲವೆಂದು ಕಂಡಕ್ಟರಮ್ಮ ಎಲ್ಲರಿಗೂ ವಿವರಿಸಿದರು. ಹಗ್ಗದ ಕಾನೂನನ್ನೂ ಹೇಳಿದರು. ಒಂದು ಬೆಲ್ ಅಂದರೆ ನಿಲ್ಲು, ಎರಡು ಅಂದರೆ ಹೊರಡು. ನಾನು ಅನುವಾದಿಸುವ ಮೊದಲೇ ಅಪ್ಪ ಎರಡು ಬೆರಳು ಎತ್ತಿ "ರೈಟ್!" ಎಂದರು. ಅದು ಕಂಡಕ್ಟರಮ್ಮನಿಗೂ ಅರ್ಥವಾಯಿತು.

ಬಂಡಿ ಗುಂಯ್ ಎನ್ನುತ್ತ, ಮೈ ಕುಲುಕಿಸುತ್ತ ಸೇಬಿನ ತೋಟಗಳ ನಡುವೆ ಹೋಯಿತು. ಹಳಿಯ ಪಕ್ಕದಲ್ಲೇ ಸೈಕಲ್ಲಿನ ದಾರಿ. ಸೈಕಲ್ಲಿನವರು ಗಂಟೆ ಬಾರಿಸಿ ಕೈಬೀಸುತ್ತಿದ್ದರು. ಕೊನೆಯ ನಿಲ್ದಾಣದಲ್ಲಿ ಬಂಡಿ ತಿರುಗಿಸುವ ಜಾಗವಿಲ್ಲ. ಡ್ರೈವರು ಹಿಡಿಕೆ ಕಿತ್ತುಕೊಂಡು ನಡೆದು ಇನ್ನೊಂದು ತುದಿಗೆ ಹೋದರು, ಕಂಡಕ್ಟರಮ್ಮ ಕೆಳಗಿಳಿದು ನೆತ್ತಿಯ ಕೋಲನ್ನು ಅದಕ್ಕೆ ಕಟ್ಟಿದ್ದ ಬೇರೊಂದು ಹಗ್ಗದಿಂದ ಎಳೆದು ತಿರುಗಿಸಿದರು. ಪ್ರಯಾಣಿಕರು ಸೀಟಿನ ಬೆನ್ನುಗಳನ್ನು ಹಿಂದುಮುಂದಾಗಿ ದೂಡಿಕೊಳ್ಳಬೇಕು. ಅಪ್ಪ ಈ ತುದಿಯಿಂದ ಆ ತುದಿಯವರೆಗೆ ಎಲ್ಲರ ಸೀಟುಗಳನ್ನೂ ದಡದಡ ತಿರುಗಿಸುತ್ತ ಹೋದರು. "ಬಸ್ಸು ತಿರುಗಿಸೋ ತಾಪತ್ರೇನ ಇಲ್ಲ, ಮಂದಿನ್ನ ತಿರುಗಿಸಿದ್ರ ಆತು!" ಎಂದು ನಕ್ಕರು. ಅವ್ವ ಹೋದ ಮೇಲೆ ಅವರು ಬಾಯಿ ತುಂಬ ನಕ್ಕದ್ದು ಅದೇ ಮೊದಲು. ನನ್ನ ಕೋಪವೆಲ್ಲ ಕರಗಿತು, ಬಂದದ್ದು ಸಾರ್ಥಕ ಅನ್ನಿಸಿತು.

ಆ ಖುಷಿಯಲ್ಲಿ ನಾನೇ ಕಂಡಕ್ಟರಮ್ಮನಿಗೆ ಹೇಳಿದೆ, ನಮ್ಮಪ್ಪ ಮೂವತ್ತೊಂದು ವರ್ಷ ಇದೇ ಕೆಲಸ ಮಾಡಿದವರು ಎಂದು. ಅವರು ಎಲ್ಲರಿಗೂ ಕೇಳುವಂತೆ ಸಾರಿದರು. ಜನ ಚಪ್ಪಾಳೆ ತಟ್ಟಿದರು. ಈ ಸಲದ ಹೊರಡುವ ಬೆಲ್ ನೀವೇ ಕೊಡಿ ಎಂದು ಹಗ್ಗ ತೋರಿಸಿದರು. ಅಪ್ಪ ಮೊದಲು ಬಾಗಿಲಿಂದ ತಲೆ ಹಾಕಿ ಎರಡೂ ಕಡೆ ನೋಡಿದರು, ಮೆಟ್ಟಿಲು ನೋಡಿದರು, ಆಮೇಲೆ "ರೈಟ್!" ಎಂದು ಕೂಗಿ ಎರಡು ಸಲ ಎಳೆದರು. ಬಂಡಿ ಹೊರಟಿತು. ನನ್ನ ಮಗಳು, "ಅಜ್ಜಾ, ಯು ಆರ್ ಸೋ ಕೂಲ್" ಎಂದಳು. ನಾನು ಆ ಮಾತನ್ನು ಅವರಿಗೆ ಅನುವಾದಿಸಿ ಹೇಳಿದೆ.

ಮರಳುವ ದಾರಿಯಲ್ಲಿ ಉದ್ಯಾನದ ಹತ್ತಿರ ಒಂದು ನಿಲ್ದಾಣ. ಮುಂದಿನ ಬಾಗಿಲಲ್ಲಿ ಯಾರದೋ ಮಗುವಿನ ತಳ್ಳುಗಾಡಿ ಸಿಕ್ಕಿಕೊಂಡಿತೆಂದು ಕಂಡಕ್ಟರಮ್ಮ ಅತ್ತ ಹೋದರು. ಹಿಂದಿನ ಬಾಗಿಲಲ್ಲಿ ಅಪ್ಪ ನಿಂತೇ ಇದ್ದರು. ಒಬ್ಬ ಗಂಡಸು ಇಳಿದ, ಅವನ ಹಿಂದೆ ಇಬ್ಬರು ಇಳಿದರು. ಅಪ್ಪ ಮೊಮ್ಮಗಳ ಕಡೆ ತಿರುಗಿ, ಮಲಪ್ರಭಾ ಹೊಳೆಗೆ ನೆರೆ ಬಂದಾಗ ಸೇತುವೆ ಮೇಲೆ ಬಸ್ಸು ದಾಟಿಸಿದ ಕಥೆ ಹೇಳುತ್ತಿದ್ದರು. ಹೇಳುತ್ತ ಹೇಳುತ್ತಲೇ ಅವರ ಬಲಗೈ ಮೇಲೆ ಹೋಯಿತು. ಹಗ್ಗವನ್ನು ನೋಡಲೂ ಇಲ್ಲ. ಟಿಣ್ ಟಿಣ್. ಬಂಡಿ ಒಂದು ಮಾರು ಮುಂದೆ ಜಗ್ಗಿತು. ಮೆಟ್ಟಿಲ ಮೇಲೆ ಇನ್ನೂ ಒಬ್ಬ ವಯಸ್ಸಾದ ಹೆಂಗಸು ಇದ್ದರು, ಕೈಯಲ್ಲಿ ಮಡಚುವ ಕುರ್ಚಿ. ಅವರು ಜಲ್ಲಿಯ ಮೇಲೆ ಬಿದ್ದರು. ಯಾರೋ ಚೀರಿದರು, ಡ್ರೈವರು ಗಕ್ಕನೆ ಬಂಡಿ ನಿಲ್ಲಿಸಿದರು.

ನಾನು ಎದುರು ಸೀಟಿನಲ್ಲಿದ್ದೆ. ಅಪ್ಪನ ಕೈ ಹಗ್ಗದಿಂದ ಕೆಳಗೆ ಬಂದು ಜೇಬಿಗೆ ಹೋದದ್ದನ್ನು ನೋಡಿದೆ. ಅವರೂ ನಾನು ನೋಡಿದ್ದನ್ನು ನೋಡಿದರು. ಬೇರೆ ಯಾರೂ ನೋಡಲಿಲ್ಲ. ಮಗಳು ಕಥೆ ಕೇಳುತ್ತಲೇ ಕಿಟಕಿಯಿಂದ ಹೊರಗೆ ಬಗ್ಗಿ ಸೈಕಲ್ಲುಗಳನ್ನು ನೋಡುತ್ತಿದ್ದಳು.

ದೇವರು ದೊಡ್ಡವನು, ಗಾಲಿ ದೂರವಿತ್ತು. ಬಿದ್ದ ಹೆಂಗಸಿನ ಮಣಿಕಟ್ಟು ಊದಿಕೊಂಡಿತ್ತು, ಮುರಿದಿರಬೇಕೆಂದು ಆಂಬುಲೆನ್ಸಿನವರು ಹೇಳಿ ಕರೆದುಕೊಂಡು ಹೋದರು. ಶೆಡ್ಡಿನಿಂದ ಮೇಲ್ವಿಚಾರಕ ಕಾರಿನಲ್ಲಿ ಬಂದರು. ಗಡ್ಡದವರು, ಮೆಲುಮಾತಿನವರು, ಕೈಯಲ್ಲೊಂದು ಕಾಗದ. ನಿಂತ ಬಂಡಿಯ ಪಕ್ಕದಲ್ಲೇ ಹುಲ್ಲಿನ ಮೇಲೆ ಒಬ್ಬೊಬ್ಬರನ್ನೇ ಕೇಳಿದರು. ನಾನು ಅಪ್ಪನ ಪಕ್ಕಕ್ಕೆ ಹೋಗಿ ನಿಂತೆ.

"ನನಗೆ ಎರಡು ಬೆಲ್ ಬಿತ್ತು" ಎಂದರು ಡ್ರೈವರು.

"ನಾನು ಕೊಡಲಿಲ್ಲ, ನಾನು ಮುಂದಿನ ಬಾಗಿಲಲ್ಲಿದ್ದೆ" ಎಂದರು ಕಂಡಕ್ಟರಮ್ಮ.

ಪ್ರಯಾಣಿಕರಲ್ಲಿ ಒಬ್ಬರು ಗಂಟೆಯ ಸದ್ದು ಕೇಳಿಸಿತು ಎಂದರು. ಇನ್ನೊಬ್ಬರು ಅದು ಸೈಕಲ್ಲಿನ ಗಂಟೆ ಇರಬೇಕು, ಆಗ ಎರಡು ಸೈಕಲ್ಲು ಹೋದವು ಎಂದರು. ಮೇಲ್ವಿಚಾರಕರು ಡ್ರೈವರ ಮುಖ ನೋಡಿದರು. "ಸೈಕಲ್ಲಿನ ಗಂಟೆಗೆ ನೀವು ಹೊರಟಿರಬಹುದೇ?" ಎಂದು ಮೆಲ್ಲಗೆ ಕೇಳಿದರು. ಮುದುಕ ಮೊದಲು ಇಲ್ಲ ಎಂದರು. ಆಮೇಲೆ ಹಣೆ ಒತ್ತಿಕೊಂಡು, "ನನಗೆ ಹಾಗೆ ಅನ್ನಿಸುವುದಿಲ್ಲ" ಎಂದರು. ಇನ್ನೂ ಸ್ವಲ್ಪ ಹೊತ್ತಿಗೆ, "ಗೊತ್ತಿಲ್ಲ" ಎಂದರು. ತಮ್ಮ ಕಿವಿಯನ್ನು ತಾವೇ ನಂಬದ ಹಾಗಾಗಿತ್ತು ಅವರ ಮುಖ.

ಆಗ ಕಂಡಕ್ಟರಮ್ಮ ನನ್ನ ಕಡೆ ತಿರುಗಿದರು. ಬೈಯುವ ಧ್ವನಿಯಲ್ಲಿ ಅಲ್ಲ. ನಿಮ್ಮ ತಂದೆ ಹಿಂದಿನ ಬಾಗಿಲಲ್ಲಿದ್ದರಲ್ಲ, ಅವರ ಕೈಯೇನಾದರೂ ಹಗ್ಗಕ್ಕೆ ತಗಲಿತೇ, ದಯವಿಟ್ಟು ಕೇಳಿ ಎಂದರು.

"ಅಪ್ಪಾ, ಅವರು ಕೇಳಾಕತ್ತಾರ..." ಎಂದು ನಾನು ಶುರುಮಾಡುವಷ್ಟರಲ್ಲಿ ಅಪ್ಪ ಹೇಳಿಬಿಟ್ಟರು:

"ನನ್ನ ಕೈ ಹಗ್ಗದ ಮ್ಯಾಲ ಇದ್ದಿದ್ದಿಲ್ಲ."

ಅದೇ ಮಾತು. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಇಪ್ಪತ್ತೈದು ವರ್ಷ ಬಾಯಿಪಾಠ ಮಾಡಿದ ಮಾತು ಮೊದಲ ಸಲವೂ ಹೀಗೆಯೇ ಹುಟ್ಟಿತ್ತು ಎನ್ನುವುದು ಆ ಕ್ಷಣ ನನಗೆ ತಿಳಿಯಿತು. ಹತ್ತಿ ಬಿಡಿಸುವ ಆ ಹೆಂಗಸು, ಟ್ರ್ಯಾಕ್ಟರಿನ ಮೇಲಿನ ಸಾಮಾನು, ಸೀಳಿದ ಹುಬ್ಬು, ಎಲ್ಲವೂ ಒಟ್ಟಿಗೆ ಕಣ್ಣ ಮುಂದೆ ಬಂದವು.

ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಬೀದಿಯಲ್ಲಿ ಕಾಲು ಕೆರೆದು ಜಗಳಕ್ಕೆ ನಿಲ್ಲುವವಳು ನಾನು, ತಪ್ಪು ಮಾಡಿದವರನ್ನು ಆಫೀಸಿನಲ್ಲಿ ಮುಖದ ಮೇಲೆ ಹೊಡೆದ ಹಾಗೆ ಕೇಳುವವಳು. ಆಗ ನನ್ನ ತಲೆಯಲ್ಲಿ ಓಡಿದ್ದು ಪೊಲೀಸು, ಕೋರ್ಟು, ವೀಸಾ. ಅಪ್ಪನಿಗೆ ಎಪ್ಪತ್ತು, ಪರದೇಶ, ಭಾಷೆ ಬಾರದು. ಸೈಕಲ್ಲಿನ ಗಂಟೆಯೇ ಇರಬಹುದಲ್ಲ ಎಂದೂ ಒಂದು ಸಲ ಅಂದುಕೊಂಡೆ, ಕಣ್ಣಾರೆ ಕಂಡಿದ್ದರೂ.

"ಅವರ ಕೈ ಹಗ್ಗದ ಮೇಲೆ ಇರಲಿಲ್ಲವಂತೆ" ಎಂದು ಇಂಗ್ಲಿಷಿನಲ್ಲಿ ಹೇಳಿದೆ. "ನಾನು ಎದುರಿಗೇ ಕೂತಿದ್ದೆ. ಇರಲಿಲ್ಲ."

ಎರಡನೆಯ ಮಾತನ್ನು ಹೇಳೆಂದು ಯಾರೂ ಕೇಳಿರಲಿಲ್ಲ. ನಾನೇ ಸೇರಿಸಿದ್ದು. ಹೇಳಿ ಮುಗಿಸಿ ತೋಟದ ಕಡೆ ನೋಡುತ್ತ ನಿಂತೆ.

ಮೇಲ್ವಿಚಾರಕರು ಕಾಗದದ ಮೇಲೆ ಬರೆದುಕೊಂಡರು. ಡ್ರೈವರು ಬಂಡಿ ಹತ್ತಿ ಹಿತ್ತಾಳೆಯ ಹಿಡಿಕೆಯನ್ನು ಕಿತ್ತುಕೊಂಡು ಬಂದರು. ತನ್ನಿ ಎಂದು ಅವರನ್ನು ಯಾರೂ ಕೇಳಿರಲಿಲ್ಲ. ಮೇಲ್ವಿಚಾರಕರ ಮುಂದೆ ಅದನ್ನು ಹಿಡಿದು, "ನಾನು ಇನ್ನು ಓಡಿಸುವುದಿಲ್ಲ, ಯಾರನ್ನಾದರೂ ಸಾಯಿಸಿಬಿಡುತ್ತೇನೆ" ಎಂದರು. ಕೊಟ್ಟ ಮೇಲೆ ಖಾಲಿ ಕೈಯನ್ನು ಎಲ್ಲಿಡಬೇಕೋ ತಿಳಿಯದೆ ಪ್ಯಾಂಟಿಗೆ ಒರೆಸಿಕೊಂಡರು.

ಅಪ್ಪ ಆ ಹಿಡಿಕೆಯನ್ನೇ ನೋಡುತ್ತಿದ್ದರು. ಆಮೇಲೆ ನನ್ನನ್ನು ನೋಡಿದರು. ಹೋಗಿ ಬಂಡಿಯ ಹಿಂದಿನ ಮೆಟ್ಟಿಲು ಹತ್ತಿದರು. "ಅಪ್ಪಾ, ಎಲ್ಲಿಗೆ?" ಎಂದೆ. ಅವರು ಹಗ್ಗಕ್ಕೆ ಕೈ ಹಾಕಿ ಎರಡು ಸಲ ಎಳೆದರು. ಟಿಣ್ ಟಿಣ್. ಎಲ್ಲರೂ ತಿರುಗಿದರು. ಅಪ್ಪ ಹಗ್ಗ ಬಿಟ್ಟು ಅದೇ ಕೈಯಿಂದ ತಮ್ಮ ಎದೆಗೆ ಬಡಿದುಕೊಂಡರು.

"ಮೀ. ಮೈ ಮಿಸ್ಟೇಕ್ ಸರ್. ಡ್ರೈವರ್ ನೋ ಮಿಸ್ಟೇಕ್."

ಅವರಿಗೆ ಬರುತ್ತಿದ್ದ ಇಂಗ್ಲಿಷು ಅಷ್ಟೇ. ಅದನ್ನೇ ಮೂರು ಸಲ ಹೇಳಿದರು. ಮುದುಕ ಡ್ರೈವರು ಹುಲ್ಲಿನ ಮೇಲೆ ಹಾಗೆಯೇ ಕುಳಿತುಬಿಟ್ಟರು. "ಹಾಗಾದರೆ ನನಗೆ ಕೇಳಿಸಿತ್ತು" ಎಂದರು. "ನನಗೆ ಕೇಳಿಸಿತ್ತು." ಅವರ ಕಣ್ಣು ತುಂಬಿತ್ತು. ಕಂಡಕ್ಟರಮ್ಮ ನನ್ನನ್ನು ನೋಡಿದರು. ಟೀಚರ್ ಆಗಿದ್ದವರಿಗೆ ಆ ನೋಟ ರೂಢಿಯಾಗಿರುತ್ತದೆ. ಮೇಲ್ವಿಚಾರಕರು ನಮ್ಮ ವಿಳಾಸ ಬರೆದುಕೊಂಡರು, ಹಗ್ಗವನ್ನು ಪ್ರಯಾಣಿಕರ ಕೈಗೆ ಕೊಟ್ಟದ್ದು ತಮ್ಮವರ ತಪ್ಪೂ ಹೌದು ಎಂದರು. ಬಿದ್ದ ಹೆಂಗಸಿಗೆ ಕ್ಷಮೆ ಕೇಳಿ ನಾನು ಒಂದು ಚೀಟಿ ಬರೆದುಕೊಟ್ಟೆ. ಅಪ್ಪ ಅದರ ಕೆಳಗೆ ಕನ್ನಡದಲ್ಲಿ ಸಹಿ ಹಾಕಿದರು.

ಕಾರಿನಲ್ಲಿ ಮನೆಯ ದಾರಿ ಹಿಡಿದೆವು. ಮಗಳು ನಿದ್ದೆ ಹೋದಳು.

"ನೀ ಯಾಕ ಸುಳ್ಳ ಹೇಳಿದಿ?" ಎಂದರು ಅಪ್ಪ.

ನನಗೆ ಸಿಟ್ಟು ನೆತ್ತಿಗೇರಿತು. "ನೀವ ಹೇಳಿದ್ದನ್ನ ಹೇಳಿದೆ!"

"ನಾ ಹೇಳಿದ್ದು ಒಂದ ಮಾತು. ನೀ ಹೇಳಿದ್ದು ಎರಡು.‌ ನನಗ ಭಾಷಾ ಬರಂಗಿಲ್ಲ, ಲೆಕ್ಕ ಬರ್ತೈತಿ." ಸೀಟಿನ ಬೆಲ್ಟು ಸರಿಮಾಡಿಕೊಳ್ಳುತ್ತ, "ಆವತ್ತೂ ನಾನ ಎಳದಿದ್ದೆ" ಎಂದರು.

ಹೆದ್ದಾರಿ ಬಿಟ್ಟು ಒಂದು ಪಾರ್ಕಿಂಗ್ ಜಾಗಕ್ಕೆ ಕಾರು ಹಾಕಿ ನಿಲ್ಲಿಸಿದೆ. ಗೊತ್ತಾಗಿದ್ದ ಸಂಗತಿಯೇ. ಆದರೂ ಅವರ ಬಾಯಿಂದ ಕೇಳಿದಾಗ ಅಳು ಬಂತು. ಅಪ್ಪ ಮುಂದಿನ ಗಾಜು ನೋಡುತ್ತ ಹೇಳಿದರು. ಟಿಕೆಟ್ ಹರಿಯುತ್ತಿದ್ದರಂತೆ, ಇಳಿದಳು ಎಂದು ತಿಳಿದರಂತೆ, ಕೈ ತನ್ನಷ್ಟಕ್ಕೆ ಹೋಯಿತಂತೆ. "ನೌಕರಿ ಹೊಕ್ಕೈತಿ ಅಂತ ಅಂಜಿಕಿ ಬಂತು. ಒಮ್ಮೆ ಅಂದ್ನೆಲ್ಲ, ಆಮ್ಯಾಲ ಅನ್ಕೋತ ಹ್ವಾದೆ. ಅನ್ಕೋತ ಅನ್ಕೋತ ನನಗೂ ಖರೇನ ಅನಸಾಕ ಹತ್ತಿತ್ತು."

"ಅವ್ವಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು. ಒಂದ ಸಲನೂ ಕೇಳಲಿಲ್ಲ ಅಕಿ."

"ನನ್ನ ಕೈಲಿ ಕಾಕಾನ ಮಗಳನ್ನ ಹೊಡಿಸಿದ್ರಲ್ಲ ಅಪ್ಪಾ!" ಎಂದು ಕಿರುಚಿದೆ. ಮಗಳು ಎಚ್ಚೆತ್ತು, "ಮಾಮ್, ವಾಟ್ ಹ್ಯಾಪನ್ಡ್?" ಎಂದಳು. ಏನೂ ಇಲ್ಲ ಎಂದೆ. ಅಂದ ಮೇಲೆ, ಇದೂ ಒಂದು ಸುಳ್ಳು ಎಂದು ಹೊಳೆಯಿತು.

ಅಪ್ಪ ಮೆಲ್ಲಗೆ ಹೇಳಿದರು. "ಆವತ್ತ ಅಂವಾ ಬ್ಯಾಜು ಬಿಚ್ಚಿ ಸಾಹೇಬ್ರ ಟೇಬಲ್ ಮ್ಯಾಲ ಇಟ್ಟಾಗ ನಾ ಖಿಡಕಿ ಕಡೆ ನೋಡ್ಕೋತ ನಿಂತಿದ್ದೆ. ಇವತ್ತ ನೀನೂ ಹಂಗ ನಿಂತಿದ್ದಿ. ನನ್ನ ಕಡಿಂದ ಆಗಲಿಲ್ಲವ್ವಾ."

ನನ್ನ ಸಿಟ್ಟಿಗೆ ಹೋಗಲು ಜಾಗವಿರಲಿಲ್ಲ. ಅಪ್ಪ ಅಂದು ಮಾಡಿದ್ದು ಭಯದಿಂದ, ನಾನು ಇಂದು ಮಾಡಿದ್ದೂ ಭಯದಿಂದ. ಅವರ ಮೇಲೆ ಹಾಕಬೇಕೆಂದಿದ್ದ ಬೈಗುಳವೆಲ್ಲ ನನಗೇ ಹೊಂದುತ್ತಿತ್ತು.

ಸಂಜೆ ಎಂಟು ಗಂಟೆ, ಹಿತ್ತಿಲಲ್ಲಿ ಇನ್ನೂ ಬಿಸಿಲಿತ್ತು. ಊರಿನಲ್ಲಿ ಭಾನುವಾರದ ಬೆಳಿಗ್ಗೆ. ಡ್ರೈವರ್ ಕಾಕಾನ ಮನೆಗೆ ಫೋನು ಹಚ್ಚಿಕೊಡು ಎಂದರು ಅಪ್ಪ. ಕಾಕಾನ ಮಗಳ ನಂಬರು ಶಾಲೆಯ ವಾಟ್ಸಾಪ್ ಗುಂಪಿನಲ್ಲಿತ್ತು. ಎರಡು ವರ್ಷದಿಂದ ನಾವಿಬ್ಬರೂ ಆ ಗುಂಪಿನಲ್ಲಿದ್ದೆವು, ಒಬ್ಬರಿಗೊಬ್ಬರು ಒಂದಕ್ಷರ ಬರೆದಿರಲಿಲ್ಲ. ಅವಳ ಚಿತ್ರವನ್ನು ಕದ್ದು ದೊಡ್ಡದು ಮಾಡಿ ನೋಡಿದ್ದೆ. ಹುಬ್ಬಿನ ನಡುವೆ ಕೂದಲಿಲ್ಲದ ಒಂದು ಗೆರೆ ಇತ್ತು.

ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲಿಟ್ಟೆ. ಎತ್ತಿದ್ದು ಅವಳೇ. ಅಪ್ಪ ತಾನು ಯಾರೆಂದು ಹೇಳಿದರು. ಆ ಕಡೆ ಪಾತ್ರೆಯ ಸಪ್ಪಳ ಕೇಳಿಸುತ್ತಿತ್ತು.

"ಏನ್ರಿ ಕಾಕಾ?"

"ನಿಮ್ಮಪ್ಪ ಅದಾನೇನವ್ವಾ? ಒಂದೀಟು ಮಾತಾಡಬೇಕಿತ್ತು."

ಅವಳು ಫೋನಿಗೆ ಕೈ ಅಡ್ಡ ಹಿಡಿದು ಯಾರಿಗೋ ಹೇಳಿದಳು. ಗಂಡಸಿನ ಧ್ವನಿಯೊಂದು ಚಿಕ್ಕದಾಗಿ ಏನೋ ಅಂದಿತು. "ಅವರು ಫೋನ್ ತಗೊಳ್ಳಂಗಿಲ್ಲಂತ್ರಿ. ಏನೈತಿ ನನ್ನ ಮುಂದ ಹೇಳ್ರಿ."

ಅಪ್ಪ ಫೋನಿನ ಹತ್ತಿರಕ್ಕೆ ಬಗ್ಗಿದರು. "ಆವತ್ತ ಕ್ರಾಸಿನ್ಯಾಗ ಡಬಲ್ ಬೆಲ್ ಹೊಡದಾಂವ ನಾನ ಅಂತ ಹೇಳವ್ವಾ ನಿಮ್ಮಪ್ಪಗ. ಅಂವಂದೇನೂ ತಪ್ಪಿದ್ದಿಲ್ಲ ಅಂತ ಹೇಳು."

ಪಾತ್ರೆಯ ಸಪ್ಪಳ ನಿಂತಿತು.

"ಇದನ್ನ ನಾ ಹೇಳಂಗಿಲ್ರಿ ಕಾಕಾ" ಎಂದಳು. ಧ್ವನಿ ಏರಲಿಲ್ಲ. "ಡಿಪೋದಾಗ ಎಲ್ಲಾರ ಮುಂದ ಸುಳ್ಳ ಹೇಳಿ, ಖರೇನ ಫೋನಿನ್ಯಾಗ ನನ್ನ ಕೈಲಿ ಹೇಳಿ ಕಳಸ್ತೀರೇನ್ರಿ? ನೀವ ಬರ್ರಿ. ಅವರ ಮುಂದ ನಿಂತು ಹೇಳ್ರಿ."

"ಬರ್ತೇನವ್ವಾ" ಎಂದರು ಅಪ್ಪ. "ಈ ತಿಂಗಳದಾಗ ಬರ್ತೇನಿ." ಅವರು ಹಿಂದಿರುಗುವ ವಿಮಾನದ ಟಿಕೆಟ್ಟಿಗೆ ಇನ್ನೂ ನಾಲ್ಕು ತಿಂಗಳಿತ್ತು.

"ಬರ್ರಿ." ಆಮೇಲೆ ಅವಳು ಕೇಳಿದಳು, "ಅಕಿ ಅದಾಳೇನ್ರಿ ಅಲ್ಲೆ?"

ಅಪ್ಪ ನನ್ನ ಮುಖ ನೋಡಿದರು. ನಾನು ಇಲ್ಲ, ಇಲ್ಲ ಎಂದು ಕೈಯಾಡಿಸಿದೆ. ತಲೆಯನ್ನೂ ಅಲ್ಲಾಡಿಸಿದೆ. ಹೊರಗೆ ಹೋಗಿದ್ದಾಳೆ ಎನ್ನಿ ಎಂದು ತುಟಿಯಲ್ಲೇ ಅಂದೆ.

"ಅದಾಳವ್ವಾ, ಇಲ್ಲೇ ನನ್ನ ಮುಂದ ಕುಂತಾಳ" ಎಂದು ಅಪ್ಪ ಫೋನನ್ನು ಎತ್ತಿ ನನ್ನ ಕೈಗೆ ಕೊಟ್ಟರು.